ಕಬಿನಿ ಹಿನ್ನೀರಿನ ಒಣ ಮರಗಳು, ಮಾಸ್ತಿಗುಡಿ, ಖೆಡ್ಡಾ: ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ರಾಗಿಮುದ್ದೆ77:

ಹೋದ ವಾರ ಮನೆಯವರೆಲ್ಲ ಸೇರಿ ಕಬಿನಿಗೆ ಹೋಗಿದ್ದೆವು. ಹುಲಿ ಕಾಣಲಿಲ್ಲ. ಅದು ಬಿಡಿ, ಆ ಗೋಳು ಹೇಳಿಕೊಳ್ಳಲು ಬಂದಿಲ್ಲ. ಸಂಜೆ ದೋಣಿಯಲ್ಲಿ ಹೋದಾಗ ನೀರಿನ ಮಧ್ಯೆ ಒಣಗಿದ ಮರಗಳು ಗುಂಪುಗುಂಪಾಗಿ ನಿಂತಿದ್ದವು. ಒಂದೊಂದರ ತುದಿಯಲ್ಲೂ ಒಂದೊಂದು ನೀರುಕಾಗೆ ರೆಕ್ಕೆ ಹರಡಿಕೊಂಡು ಬಟ್ಟೆ ಒಣಗಿಸುವ ಹಾಗೆ ಕೂತಿತ್ತು. ಆಚೆ ದಡದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಆನೆಗಳು. ಒಂದು ಮರಿ ಕೆಸರಲ್ಲಿ ಜಾರಿ ಬಿತ್ತು, ಎದ್ದಿತು, ಆಮೇಲೆ ಬೇಕಂತಲೇ ಮತ್ತೆ ಬಿತ್ತು. ನನ್ನ ಮಗಳು ನಕ್ಕಿದ್ದೇ ನಕ್ಕಿದ್ದು.

ದೋಣಿಯಲ್ಲಿದ್ದ ಗೈಡ್ ಮೊದಲು "ಇದು ಸಾವಿರಾರು ವರ್ಷದಿಂದ ಹೀಗೇ ಇರೋ ಕಾಡು ಸಾರ್, ಮನುಷ್ಯರು ಕೈ ಹಾಕಿಲ್ಲ" ಅಂದ. ಐದು ನಿಮಿಷ ಆಗಿರಲಿಲ್ಲ, ಅವನೇ "ಇಲ್ಲೇ ಬ್ರಿಟಿಷರು ಆನೆ ಹಿಡೀತಿದ್ರು, ವೈಸ್‌ರಾಯ್ ಎಲ್ಲ ಬಂದು ನೋಡ್ತಿದ್ರು" ಅಂದ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ ಅಂತ ಕೇಳಿದೆ. ನಕ್ಕು ಕ್ಯಾಮೆರಾ ರೆಡಿ ಇಟ್ಕೊಳ್ಳಿ ಅಂದ.

ಹಾಗಾಗಿ ಇಲ್ಲಿ ಕೇಳುತ್ತಿದ್ದೇನೆ. ಈ ಆನೆ ಹಿಡಿಯುವ ಖೆಡ್ಡಾ ಶುರು ಮಾಡಿದ್ದು ಬ್ರಿಟಿಷರೋ ಮೈಸೂರು ಮಹಾರಾಜರೋ? ಆ ಮರಗಳು ನೀರಿನ ನಡುವೆ ಹೇಗೆ ಬಂದವು? ಮಾಸ್ತಿಗುಡಿ ಅಂತ ಎಲ್ಲರೂ ಹೇಳುತ್ತಾರೆ, ಅಲ್ಲಿ ಗುಡಿಯೇ ಕಾಣಲಿಲ್ಲವಲ್ಲ? ಇನ್ನೊಂದು, ನಮ್ಮಪ್ಪ ಖೆಡ್ಡಾ ಅಂದರೆ ಗುಂಡಿ ತೋಡಿ ಮೇಲೆ ಸೊಪ್ಪು ಮುಚ್ಚಿ ಆನೆ ಬೀಳಿಸುವುದು ಅಂತ ಸಾಧಿಸುತ್ತಿದ್ದಾರೆ. ನಾನು ಅಲ್ಲ ಅಂದೆ. ನೂರು ರೂಪಾಯಿ ಪಂದ್ಯ ಇದೆ, ದಯವಿಟ್ಟು ಯೋಚನೆ ಮಾಡಿ ಉತ್ತರ ಕೊಡಿ.


ಕೋಟೆ ಕಡೆಯವನು:

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನವನೇ, ಅಂತರಸಂತೆ ಹತ್ತಿರ. ನಿಮ್ಮ ಪಂದ್ಯ ನೀವೇ ಗೆದ್ದಿರಿ. ಗುಂಡಿ ತೋಡಿ ಬೀಳಿಸುವುದು ಬೇರೆ, ಅದು ಹಳೇ ಪದ್ಧತಿ. ಅದರಲ್ಲಿ ಒಂದೊಂದೇ ಆನೆ ಬೀಳುತ್ತದೆ, ಬಿದ್ದಾಗ ಕಾಲು ಮುರಿದುಕೊಳ್ಳುವುದೂ ಉಂಟು. ಖೆಡ್ಡಾ ಅಂದರೆ ಹಿಂಡಿಗೆ ಹಿಂಡನ್ನೇ ಸುತ್ತುಗಟ್ಟಿ ದೊಡ್ಡಿಗೆ ಹೊಡೆಯುವುದು.

ನಮ್ಮ ತಾತ ಕೊನೆಯ ಖೆಡ್ಡಾದಲ್ಲಿ ತಮಟೆ ಹೊಡೆಯುವವರ ಗುಂಪಿನಲ್ಲಿದ್ದರು, 1971ರಲ್ಲಿ. ಅವರು ಹೇಳುತ್ತಿದ್ದದ್ದನ್ನು ಹಾಗೇ ಹೇಳುತ್ತೇನೆ. ಮೊದಲು ಕಾಡಿನಲ್ಲೇ ಇರುವ ಕಾಡು ಕುರುಬರು ಹೋಗಿ ಹಿಂಡು ಎಲ್ಲಿದೆ ಅಂತ ನೋಡಿಕೊಂಡು ಬರುತ್ತಾರೆ. ಲದ್ದಿ ಮುಟ್ಟಿ ನೋಡಿ ಎಷ್ಟು ಹೊತ್ತಾಯಿತು ಅಂತ ಹೇಳುತ್ತಾರೆ, ಮುರಿದ ಬಿದಿರು ನೋಡಿ ಎಷ್ಟು ಆನೆ ಅಂತ ಹೇಳುತ್ತಾರೆ. ಆಮೇಲೆ ನೂರಾರು ಜನ ಮೈಲಿಗಟ್ಟಲೆ ಸುತ್ತ ನಿಲ್ಲುತ್ತಾರೆ. ಹಗಲಲ್ಲಿ ಮಾತಿಲ್ಲ, ಕೆಮ್ಮುವ ಹಾಗೂ ಇಲ್ಲ. ರಾತ್ರಿ ಪ್ರತಿಯೊಂದು ಕಾವಲಿನಲ್ಲೂ ಬೆಂಕಿ. ಆನೆ ಆ ಬೆಂಕಿ ಸಾಲು ದಾಟಲು ಬಂದರೆ ಮಾತ್ರ ಕೂಗು, ತಮಟೆ, ಪಂಜು. ಹೀಗೆ ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ಹೊಳೆ ಕಡೆಗೆ ಒತ್ತುವುದು. ತಾತ ಎಷ್ಟೋ ರಾತ್ರಿ ನಿದ್ದೆಯಿಲ್ಲದೆ ಕೂತು ಕೊನೆಗೆ ನಿಂತಲ್ಲೇ ತೂಕಡಿಸಿ ಬೆಂಕಿಗೆ ಪಂಚೆ ಸುಟ್ಟುಕೊಂಡಿದ್ದರಂತೆ. ಅಜ್ಜಿ ಅದನ್ನು ಸಾಯುವವರೆಗೂ ಆಡಿಕೊಳ್ಳುತ್ತಿದ್ದರು.

ನಮ್ಮ ಈ ಕಾಕನಕೋಟೆ ಕಾಡಿನ ಖೆಡ್ಡಾಕ್ಕೆ ಹೆಸರು ಬಂದದ್ದೇ ಹೊಳೆಯಿಂದ. ಹಿಂಡನ್ನು ಒಂದು ದಡದಿಂದ ನೀರಿಗೆ ಇಳಿಸಿ ಈಜಿಸಿ ಆಚೆ ದಡಕ್ಕೆ ಹತ್ತಿಸುತ್ತಿದ್ದರು. ಆಚೆ ದಡದಲ್ಲಿ ಮರದ ದಿಮ್ಮಿಗಳ ಬೇಲಿ ಮೊರದ ಹಾಗೆ, ಹೊಳೆ ಕಡೆಗೆ ಅಗಲ, ಒಳಗೆ ಹೋಗ್ತಾ ಹೋಗ್ತಾ ಕಿರಿದು, ತುದಿಯಲ್ಲಿ ದೊಡ್ಡಿ. ದೊಡ್ಡಿಯ ಸುತ್ತ ಕಂದಕ. ಬಾಗಿಲನ್ನು ಮೇಲೆ ಎತ್ತಿ ಹಗ್ಗದಲ್ಲಿ ಕಟ್ಟಿರುತ್ತಿದ್ದರು. ಕೊನೆಯ ಆನೆ ಒಳಗೆ ಬಂದ ತಕ್ಷಣ ಒಬ್ಬ ಹಗ್ಗ ಕಡಿಯುತ್ತಾನೆ, ಬಾಗಿಲು ಬೀಳುತ್ತದೆ. "ಆ ಶಬ್ದ ಆದ ಮೇಲೆ ಒಂದು ಗಳಿಗೆ ಮನುಷ್ಯರೂ ಸುಮ್ಮನೆ, ಆನೆಗಳೂ ಸುಮ್ಮನೆ" ಅನ್ನುತ್ತಿದ್ದರು ತಾತ. ಆಮೇಲಿನದನ್ನು ಅವರು ಹೆಚ್ಚು ಹೇಳುತ್ತಿರಲಿಲ್ಲ. ಸಾಕಿದ ಕುಮ್ಕಿ ಆನೆಗಳನ್ನು ಒಳಗೆ ಬಿಟ್ಟು ಎರಡು ಕಡೆಯಿಂದ ಒತ್ತಿ ಹಿಡಿದು ಹಿಂಗಾಲಿಗೆ ಹಗ್ಗ ಹಾಕುತ್ತಿದ್ದರು, ಮರಿಗಳನ್ನು ತಾಯಿಯಿಂದ ಬಿಡಿಸುತ್ತಿದ್ದರು ಅಂತ ಅಷ್ಟೇ. ಆ ಹಗ್ಗದ ಒಂದು ತುಂಡು ನಮ್ಮ ಅಟ್ಟದ ಮೇಲೆ ಇದೆ. ನನ್ನ ಮುಂಗೈ ದಪ್ಪ.

ಇನ್ನು ಮರಗಳ ವಿಷಯ. ಅದು ಹೊಳೆಯಲ್ಲಿ ಬೆಳೆದ ಮರ ಅಲ್ಲ ಸಾರ್, ಕಾಡಿಗೆ ನೀರು ಬಂದದ್ದು. ಬೀಚನಹಳ್ಳಿ ಹತ್ತಿರ ಕಬಿನಿ ಅಣೆಕಟ್ಟು ಮುಗಿದದ್ದು 1974ರಲ್ಲಿ. ಹೊಳೆ ಪಕ್ಕದ ಕಾಡು, ಹೊಲ, ಊರು, ಹಾಡಿ (ಕಾಡಿನ ಜನರ ಪುಟ್ಟ ಊರು), ಖೆಡ್ಡಾ ನಡೆದ ಜಾಗ ಎಲ್ಲ ಒಳಗೆ ಹೋಯಿತು. ಮಾಸ್ತಿಗುಡಿ ಅಂದರೆ ಮಾಸ್ತಮ್ಮನ ಗುಡಿ ಇದ್ದ ಜಾಗ. ಗುಡಿ ನೀರಿಗೆ ಹೋಯಿತು, ಹೆಸರು ಮೇಲೆ ತೇಲುತ್ತಿದೆ. ನೀವು ಆನೆ ನೋಡಿದ ಜಾಗ ಅದರ ಆಸುಪಾಸೇ ಇರಬೇಕು.


ಹಳೇ ಕಡತ:

ಮೇಲಿನವರು ನೆಲದ ಮಟ್ಟದಿಂದ ಚೆನ್ನಾಗಿ ಹೇಳಿದ್ದಾರೆ. ಬ್ರಿಟಿಷರೋ ಮಹಾರಾಜರೋ ಅನ್ನುವುದಕ್ಕೆ ನಾನು ಉತ್ತರ ಕೊಡುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

ಇಬ್ಬರೂ. ಆದರೆ ಒಬ್ಬರಾದ ಮೇಲೆ ಒಬ್ಬರು. 1831ರಲ್ಲಿ ಬ್ರಿಟಿಷರು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು, 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು. ಮಧ್ಯದ ಐವತ್ತು ವರ್ಷ ಮೈಸೂರನ್ನು ಆಳಿದ್ದು ಕಮಿಷನರ್‌ಗಳು. ಖೆಡ್ಡಾ ಶುರುವಾದದ್ದು ಆ ಅವಧಿಯಲ್ಲಿ, 1873-74ರಲ್ಲಿ. ಶುರು ಮಾಡಿದವನು ಜಿ.ಪಿ. ಸ್ಯಾಂಡರ್ಸನ್. ತಮಾಷೆ ಅಂದರೆ ಅವನು ಅರಣ್ಯ ಇಲಾಖೆಯವನೇ ಅಲ್ಲ, ನೀರಾವರಿಯವನು. ಹುಣಸೂರಿನಲ್ಲಿ ಇದ್ದುಕೊಂಡು ಕಾಲುವೆ ನೋಡಿಕೊಳ್ಳುವ ಕೆಲಸ. ಕಾಲುವೆ ಸುತ್ತುತ್ತಾ ಸುತ್ತುತ್ತಾ ಕಾಡು ಸೇರಿದ.

ಇವನ ಅಪ್ಪ ಡೇನಿಯಲ್ ಸ್ಯಾಂಡರ್ಸನ್ ವೆಸ್ಲಿಯನ್ ಮಿಷನ್ ಪಾದ್ರಿ. ರೀವ್ ಮಾಡಿದ ಕನ್ನಡ ನಿಘಂಟನ್ನು ತಿದ್ದಿ 1858ರಲ್ಲಿ ಹೊರತಂದದ್ದು ಇದೇ ಡೇನಿಯಲ್. ಕಿಟೆಲ್ ಹೆಸರು ಎಲ್ಲರಿಗೂ ಗೊತ್ತು, ಅದಕ್ಕಿಂತ ಮೊದಲಿನ ಈ ನಿಘಂಟು ಯಾರಿಗೂ ನೆನಪಿಲ್ಲ. ಅಪ್ಪ ಕನ್ನಡದ ಪದ ಹಿಡಿದ, ಮಗ ಕನ್ನಡ ನಾಡಿನ ಆನೆ ಹಿಡಿದ. (ಇದು ನನ್ನದೇ ಜೋಕು, ಕದಿಯಬೇಡಿ.) ಮಗನಿಗೂ ಕನ್ನಡ ಬರುತ್ತಿತ್ತು. ಕುರುಬರ ಜೊತೆ ಸರಾಗವಾಗಿ ಮಾತಾಡಿ ಕೆಲಸ ಕಲಿಯಲು ಅದೇ ದಾರಿ ಆಯಿತು.

ಸ್ಯಾಂಡರ್ಸನ್‌ಗಿಂತ ನೂರು ವರ್ಷ ಮೊದಲೇ ಹೈದರ್ ಅಲಿ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯಲು ಹೋಗಿ ಸೋತಿದ್ದ. ಇಲ್ಲಿ ಯಾರ ಕೈಲೂ ಆಗುವುದಿಲ್ಲ, ಪ್ರಯತ್ನ ಮಾಡಿದವನಿಗೆ ಶಾಪ ತಟ್ಟಲಿ ಅಂತ ಅಲ್ಲೇ ಒಂದು ಕಲ್ಲು ನಿಲ್ಲಿಸಿದ್ದನಂತೆ. ಸ್ಯಾಂಡರ್ಸನ್ ತನ್ನ ಪುಸ್ತಕದಲ್ಲಿ ಇದನ್ನು ಬರೆದಿದ್ದಾನೆ, ಕಲ್ಲು ಇನ್ನೂ ನಿಂತಿದೆ ಅಂತಲೂ ಹೇಳಿದ್ದಾನೆ. ಸರ್ಕಾರದಲ್ಲಿದ್ದವರೂ ಇವನ ಯೋಜನೆ ಕೇಳಿ ನಕ್ಕಿದ್ದರು. ಆದರೆ 1874ರಲ್ಲಿ ಚಾಮರಾಜನಗರದ ಕಡೆ ಒಂದೇ ಏಟಿಗೆ ಐವತ್ತಕ್ಕೂ ಹೆಚ್ಚು ಆನೆ ಹಿಡಿದು ತೋರಿಸಿದ. ಅಲ್ಲಿಂದ ಮುಂದೆ 1971ರವರೆಗೆ ಮೈಸೂರಿನಲ್ಲಿ ಸುಮಾರು ಮೂವತ್ತಾರು ಖೆಡ್ಡಾ, ಎರಡು ಸಾವಿರದ ಹತ್ತಿರ ಆನೆ.

ಈಗ ಮುಖ್ಯ ವಿಷಯ. ಆಗ ಸರ್ಕಾರಕ್ಕೆ ಆನೆ ಬೇಕಾಗಿದ್ದು ಪ್ರೀತಿಯಿಂದ ಅಲ್ಲ. ಅದಕ್ಕೂ ಮೊದಲು ಆನೆ ಅಂದರೆ ಬೆಳೆ ಹಾಳು ಮಾಡುವ ಪೀಡೆ. ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ ಆನೆ ಹೊಡೆದವನಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು. ಆಮೇಲೆ ದಿಮ್ಮಿ ಎಳೆಯಲು, ಸೈನ್ಯದ ಸಾಮಾನು ಹೊರಲು ಆನೆ ಬೇಕು, ಬೇರೆ ಕಡೆಯಿಂದ ತರಿಸಿದರೆ ದುಬಾರಿ ಅಂತ ಲೆಕ್ಕ ಹಾಕಿದರು. 1873ರಲ್ಲಿ ಮದ್ರಾಸಿನಲ್ಲಿ, 1879ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಆನೆ ಸಂರಕ್ಷಣೆ ಕಾಯ್ದೆ ಬಂತು. ಹೆಸರು ಸಂರಕ್ಷಣೆ. ಒಳಗೆ ಓದಿದರೆ ಲೈಸೆನ್ಸ್ ಇಲ್ಲದೆ ಯಾರೂ ಆನೆ ಹೊಡೆಯಬಾರದು, ಹಿಡಿಯಬಾರದು ಅಂತ. ಅಂದರೆ ಹಿಡಿಯುವ ಹಕ್ಕು ಸರ್ಕಾರದ ಕೈಗೆ. ನಿನ್ನೆ ಪೀಡೆ, ಇವತ್ತು ಆಸ್ತಿ.

1881ರ ನಂತರ ರಾಜರ ಕಾಲದಲ್ಲಿ ಖೆಡ್ಡಾ ನಿಲ್ಲಲಿಲ್ಲ, ಬಣ್ಣ ಬದಲಾಯಿಸಿತು. ದೊಡ್ಡ ಅತಿಥಿ ಬಂದರೆ ಖೆಡ್ಡಾ. ಕಾರಾಪುರದಲ್ಲಿ ಹೊಳೆ ಪಕ್ಕ ಬಿಡಾರ, ದಡದ ಮೇಲೆ ಕೂತು ನೋಡಲು ಅಟ್ಟಣೆ. 1906ರಲ್ಲಿ ಬ್ರಿಟನ್ನಿನ ಯುವರಾಜ ಬಂದ, ಮುಂದೆ ಐದನೇ ಜಾರ್ಜ್ ಆದವನು. 1922ರಲ್ಲಿ ಅವನ ಮಗ ಎಡ್ವರ್ಡ್ ಬಂದ. ನೀವು ದೋಣಿ ಹತ್ತಿದ್ದು ಕಾರಾಪುರದಲ್ಲಾದರೆ, ರಾಜರ ಬೇಟೆ ಬಂಗಲೆಗಳು ಅಲ್ಲೇ ಇವೆ. ಎಂಬತ್ತರ ದಶಕದಿಂದ ಸರ್ಕಾರಿ ಜಂಗಲ್ ಲಾಡ್ಜಸ್ ಅಲ್ಲಿ ನಡೆಯುತ್ತಿದೆ. ಅದೇ ಕಾರಾಪುರದ ಮಾವುತನ ಮಗ ಸಾಬು, 1924ರಲ್ಲಿ ಹುಟ್ಟಿದವನು, ಇಂಗ್ಲಿಷ್ ಸಿನಿಮಾದವರ ಕಣ್ಣಿಗೆ ಬಿದ್ದು ಹಾಲಿವುಡ್ಡಿಗೆ ಹೋದ. ಅವನ 1937ರ ಮೊದಲ ಸಿನಿಮಾದಲ್ಲಿ ಮೈಸೂರು ಕಾಡೂ ಇದೆ, ಮೈಸೂರು ಆನೆಗಳೂ ಇವೆ.


ಬನ್ನೂರು ಬಸ್ಸು:

ಎಲ್ಲ ಸರಿ, ಆದರೆ ಒಂದು ಮಾತು. ಎಲ್ಲದಕ್ಕೂ ಬ್ರಿಟಿಷರನ್ನೇ ಬೈಯುವುದು ಒಂದು ಚಟ ಆಗಿಬಿಟ್ಟಿದೆ. ರಾಜರು ಬೇಟೆಗೆ ಅಂತ ಕಾಯ್ದಿಟ್ಟುಕೊಳ್ಳದೆ ಹೋಗಿದ್ದರೆ ಇವತ್ತು ಆ ಕಾಡೇ ಇರುತ್ತಿರಲಿಲ್ಲ. ಬಂಡೀಪುರದಲ್ಲಿ 1931ರಲ್ಲೇ 90 ಚದರ ಕಿಲೋಮೀಟರ್ ಜಾಗವನ್ನು ಮೀಸಲು ಮಾಡಿದ್ದು ಮೈಸೂರು ಸಂಸ್ಥಾನ. ಅದೇ ಬೆಳೆದು 1973ರಲ್ಲಿ ಹುಲಿ ಯೋಜನೆಗೆ ಸೇರಿತು. ನಾಗರಹೊಳೆ 1955ರಲ್ಲಿ ಅಭಯಾರಣ್ಯ ಆಯಿತು. ಕಬಿನಿ ಇವೆರಡರ ಮಧ್ಯೆ ಹರಿಯುತ್ತದೆ. ಸುತ್ತಮುತ್ತ ಬೇರೆ ಊರುಗಳ ಕಾಡು ಎಲ್ಲಿ ಹೋಯಿತು ನೋಡಿ. ಆಮೇಲೆ ಮಾತಾಡೋಣ.


ಹಳೇ ಕಡತ:

ಬೈದದ್ದು ಎಲ್ಲಿ ಸ್ವಾಮಿ? ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಸ್ಯಾಂಡರ್ಸನ್‌ನನ್ನೇ ತಗೊಳ್ಳಿ. ಹುಲಿ ಹೊಡೆದವನಿಗೆ ಸರ್ಕಾರ ಇನಾಮು ಕೊಡುತ್ತಿದ್ದ ಕಾಲದಲ್ಲಿ, ಹುಲಿಯನ್ನು ಪೂರ್ತಿ ಮುಗಿಸಬೇಡಿ, ರೈತನ ಬೆಳೆ ತಿನ್ನುವ ಹಂದಿ ಜಿಂಕೆಗಳನ್ನು ಅದು ಹದ್ದುಬಸ್ತಿನಲ್ಲಿ ಇಡುತ್ತದೆ ಅಂತ ವಾದ ಮಾಡಿದವನು ಅವನು. ತಾನೂ ಹುಲಿ ಹೊಡೆದ, ಅದೂ ನಿಜ. ಹಿಡಿದ ಆನೆಗಳಲ್ಲಿ ಎಷ್ಟೋ ಪಳಗುವ ಮೊದಲೇ ಸತ್ತವು ಅಂತಲೂ ಬಚ್ಚಿಡದೆ ಬರೆದ. ನಾನು ಹೇಳಿದ್ದು ಇಷ್ಟೇ, "ಮನುಷ್ಯರು ಕೈ ಹಾಕಿಲ್ಲ" ಅನ್ನುವ ಗೈಡಿನ ಮಾತು ತಪ್ಪು. ಆ ಕಾಡಿನ ಮೈ ತುಂಬ ಮನುಷ್ಯರ ಕೈ ಗುರುತು ಇದೆ. ತೇಗದ ಮರ ಸಾಲಾಗಿ ಗೆರೆ ಎಳೆದ ಹಾಗೆ ನಿಂತದ್ದು ಕಂಡರೆ ಅದು ಇಲಾಖೆಯವರು ನೆಟ್ಟದ್ದು. ಮೈಸೂರು ಅರಣ್ಯ ಇಲಾಖೆ ಹುಟ್ಟಿದ್ದೇ 1864ರಲ್ಲಿ, ತೇಗ ಗಂಧದ ಲೆಕ್ಕ ಇಡಲು.


ಹಾಡಿ ಶಾಲೆ:

ನಾನು ಕೆಲವು ವರ್ಷ ಆ ಕಡೆಯ ಒಂದು ಹಾಡಿಯಲ್ಲಿ ಮೇಷ್ಟರಾಗಿದ್ದೆ. ಇಲ್ಲಿ ಎಲ್ಲರೂ ಸಾಹೇಬರ ಬಗ್ಗೆ, ರಾಜರ ಬಗ್ಗೆ ಮಾತಾಡುತ್ತಿದ್ದೀರಿ. ಕೋಟೆ ಕಡೆಯವರು ಒಂದು ಸಾಲಿನಲ್ಲಿ ಕುರುಬರು ಅಂದರು, ಅದನ್ನು ಸ್ವಲ್ಪ ಎಳೆಯುತ್ತೇನೆ.

ಜೇನು ಕುರುಬರು, ಬೆಟ್ಟ ಕುರುಬರು ಇಲ್ಲದೆ ಒಂದೇ ಒಂದು ಖೆಡ್ಡಾ ಆಗುತ್ತಿರಲಿಲ್ಲ. ಹಿಂಡು ಹುಡುಕಿದವರು ಅವರು, ಕಂದಕ ತೋಡಿದವರಲ್ಲಿ ಅವರು, ಹಿಡಿದ ಆನೆಗೆ ಸೊಪ್ಪು ಹಾಕಿ ಪಕ್ಕದಲ್ಲೇ ಮಲಗಿ ಪಳಗಿಸಿದವರಲ್ಲೂ ಅವರು. ಫೋಟೋಗಳಲ್ಲಿ ಮಾತ್ರ ಟೋಪಿ ಹಾಕಿದವರು ಮುಂದೆ. ಮೀಸಲು ಅರಣ್ಯ ಅಂತ ಗೆರೆ ಎಳೆದ ಮೇಲೆ ಇವರು ಕುಮರಿ ಬೇಸಾಯ, ಅಂದರೆ ಕಾಡು ಕಡಿದು ಸುಟ್ಟು ಬಿತ್ತುವುದು, ಮಾಡುವ ಹಾಗಿಲ್ಲ ಅಂತಾಯಿತು. ತಮ್ಮ ಕಾಡಿನಲ್ಲೇ ಇಲಾಖೆಯ ಕೂಲಿ ಆದರು. ತೇಗ ನೆಟ್ಟರು, ಮರ ಕಡಿದರು, ಕಾಡ್ಗಿಚ್ಚು ಹಬ್ಬದ ಹಾಗೆ ಬೆಂಕಿ ರೇಖೆ ಸವರಿದರು. ಆಮೇಲೆ ಸ್ವಾತಂತ್ರ್ಯ ಬಂತು, ಅಣೆಕಟ್ಟು ಬಂತು, ರಾಷ್ಟ್ರೀಯ ಉದ್ಯಾನ ಬಂತು. ಎಷ್ಟೋ ಹಾಡಿಗಳು ಹೊರಗೆ ಬಂದವು. ಎಷ್ಟೋ ಜನ ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿದರು. 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೂ ಅರ್ಜಿ ಹಿಡಿದು ಓಡಾಡುವುದು ಮುಗಿದಿಲ್ಲ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ, ಕನ್ನಡ ಓದಲು ಬಲು ಸೋಮಾರಿ. ಒಂದು ದಿನ ಶಾಲೆಯ ಹಿಂದೆ ಕೆಸರಲ್ಲಿ ಆನೆ ಹೆಜ್ಜೆ ಬಿದ್ದಿತ್ತು. ಮುಂಗಾಲಿನ ಹೆಜ್ಜೆಯ ಸುತ್ತ ದಾರ ಹಿಡಿದು ಅಳೆದ, ಆ ದಾರವನ್ನು ಎರಡು ಪಟ್ಟು ಮಾಡಿ ಗೋಡೆಗೆ ಹಿಡಿದು "ಇಷ್ಟೆತ್ತರ ಸಾರ್ ಆನೆ" ಅಂದ. ಯಾವ ಪುಸ್ತಕದಲ್ಲಿ ಓದಿದೆಯೋ ಅಂದೆ. ತಾತ ಹೇಳಿಕೊಟ್ಟಿದ್ದು ಅಂದ. ಆಮೇಲೆ ನಾನು ಓದಿದೆ, ಆನೆಯ ಎತ್ತರ ಮುಂಗಾಲ ಹೆಜ್ಜೆಯ ಸುತ್ತಳತೆಯ ಎರಡರಷ್ಟು ಅಂತ ಸಾಹೇಬರ ಬರಹಗಳಲ್ಲೂ ಇದೆ. ಅವರಿಗೆ ಯಾರ ತಾತ ಹೇಳಿಕೊಟ್ಟರೋ.

ಇನ್ನೊಂದು ಸೇರಿಸುತ್ತೇನೆ. ಖೆಡ್ಡಾ ಅಂದರೆ ಹಳೇ ಕಾಲದ ಮಾತು ಅಂದುಕೊಳ್ಳಬೇಡಿ. ದಸರಾ ಅಂಬಾರಿ ಹೊತ್ತ ಅರ್ಜುನ ಗೊತ್ತಲ್ವಾ? 1968ರಲ್ಲಿ ಇದೇ ಕಾಕನಕೋಟೆ ಖೆಡ್ಡಾದಲ್ಲಿ ಸಿಕ್ಕಿದ ಆನೆ ಅದು. 2012ರಿಂದ 2019ರವರೆಗೆ 750 ಕಿಲೋ ಅಂಬಾರಿ ಹೊತ್ತ. ಉಳಿದ ದಿನ ಅವನು ಇದ್ದದ್ದು ಬಳ್ಳೆ ಆನೆ ಶಿಬಿರದಲ್ಲಿ, ಅಂದರೆ ಹಿಡಿದ ಕಾಡಿನಲ್ಲೇ. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಕಡೆ ಕಾಡಾನೆ ಹಿಡಿಯಲು ಕರೆದುಕೊಂಡು ಹೋದಾಗ ಸಲಗವೊಂದು ತಿವಿದು ಸತ್ತ. ಬಾಲ್ಯದಲ್ಲಿ ಕುಮ್ಕಿಗಳು ಇವನನ್ನು ಹಿಡಿದವು, ಮುದುಕನಾದ ಮೇಲೆ ಇವನೇ ಕುಮ್ಕಿಯಾಗಿ ಹೋಗಿ ಸತ್ತ. ಆ ಸುದ್ದಿ ಬಂದ ದಿನ ಹಾಡಿಯಿಂದ ನನಗೆ ಮೂರು ಫೋನ್ ಬಂತು. ಮೂವರೂ ಮೊದಲು ಅತ್ತರು, ಆಮೇಲೆ ಮಾತಾಡಿದರು.


ರಾಗಿಮುದ್ದೆ77:

ಅಯ್ಯೋ, ಅರ್ಜುನ ಖೆಡ್ಡಾ ಆನೆ ಅಂತ ಗೊತ್ತೇ ಇರಲಿಲ್ಲ. ಅವನನ್ನು ಜಂಬೂಸವಾರಿಯಲ್ಲಿ ಎರಡು ಸಲ ನೋಡಿದ್ದೇನೆ, ಬನ್ನಿಮಂಟಪದ ರಸ್ತೆಯಲ್ಲಿ ಭುಜದ ಮೇಲೆ ಮಗಳನ್ನು ಕೂರಿಸಿಕೊಂಡು.

ಅಪ್ಪನಿಗೆ ಈ ಉತ್ತರಗಳನ್ನೆಲ್ಲ ಓದಿ ಹೇಳಿದೆ. ನೂರು ರೂಪಾಯಿ ಕೊಡಲಿಲ್ಲ. "ಕಂದಕ ತೋಡಿದರು ಅಂತ ಅವರೇ ಹೇಳಿದ್ದಾರಲ್ಲ, ಕಂದಕ ಅಂದರೆ ಗುಂಡಿ ತಾನೆ" ಅನ್ನುತ್ತಿದ್ದಾರೆ.

ಒಂದು ಅನುಮಾನ ಉಳಿಯಿತು. ಆನೆ ಹಿಡಿಯುವುದು ನಿಂತದ್ದು ಅಣೆಕಟ್ಟು ಬಂದದ್ದರಿಂದಲೋ, ಕಾನೂನಿನಿಂದಲೋ? ಮತ್ತೆ, ಅಷ್ಟು ಹಿಂಸೆ ಪಟ್ಟ ಜಾಗಕ್ಕೇ ಅಷ್ಟೊಂದು ಆನೆ ಯಾಕೆ ಬರುತ್ತವೆ?


ಕೋಟೆ ಕಡೆಯವನು:

ನಿಮ್ಮ ಅಪ್ಪನ ಜೊತೆ ವಾದಕ್ಕೆ ಇಳಿಯಬೇಡಿ, ಗೆಲ್ಲಲ್ಲ.

ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಆಯಿತು. ಕೊನೆಯ ಖೆಡ್ಡಾ 1971. ಮರುವರ್ಷ, 1972ರಲ್ಲಿ ವನ್ಯಜೀವಿ ಕಾಯ್ದೆ. 1974ಕ್ಕೆ ನೀರು. 1977ರಲ್ಲಿ ಆನೆಯನ್ನು ಕಾಯ್ದೆಯ ಮೊದಲನೇ ಪಟ್ಟಿಗೆ, ಅಂದರೆ ಅತಿ ಬಿಗಿ ರಕ್ಷಣೆಯ ಪಟ್ಟಿಗೆ, ಸೇರಿಸಿದರು. ಖೆಡ್ಡಾ ಮಾಡಬೇಕು ಅಂದಿದ್ದರೂ ಆ ದಡವೇ ಇರಲಿಲ್ಲ.

ಆನೆ ಯಾಕೆ ಬರುತ್ತವೆ ಅಂದರೆ ಹೊಟ್ಟೆಪಾಡು. ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2284 ಅಡಿ, ಹತ್ತೊಂಬತ್ತೂವರೆ ಟಿಎಂಸಿ ನೀರು. ಬೇಸಿಗೆ ಬಂತು ಅಂದರೆ ಕೆಳಗಿನವರಿಗೆ ಬಿಟ್ಟು ಬಿಟ್ಟು ನೀರು ಇಳಿಯುತ್ತದೆ. ಇಳಿದ ಕಡೆಯೆಲ್ಲ ಮೆಕ್ಕಲು ಮಣ್ಣು, ಎರಡೇ ವಾರದಲ್ಲಿ ಹಸಿರು ಹುಲ್ಲು. ಅದೇ ಹೊತ್ತಿಗೆ ಬಂಡೀಪುರ, ವಯನಾಡು, ಮುದುಮಲೆ ಕಡೆ ಕಾಡೆಲ್ಲ ಒಣಗಿ ಸೌದೆ ಆಗಿರುತ್ತದೆ. ಮಾರ್ಚ್‌ನಿಂದ ಮೇ ತನಕ ಅಲ್ಲಿಂದೆಲ್ಲ ಬರುತ್ತವೆ, ನೂರು ಇನ್ನೂರು ಒಂದೇ ಬಯಲಲ್ಲಿ. ಏಷ್ಯಾದಲ್ಲಿ ಇಷ್ಟು ಆನೆ ಒಟ್ಟಿಗೆ ಸೇರುವ ಜಾಗ ಬಹಳ ಕಡಿಮೆ. ಮೊದಲ ಮಳೆ ಬಿತ್ತು ಅಂದರೆ ಯಾರೋ ಗಂಟೆ ಹೊಡೆದ ಹಾಗೆ ಖಾಲಿ.

ಆ ಹುಲ್ಲಿನ ಬಯಲು ನೋಡಿ ಪ್ರವಾಸಿಗಳು "ಎಂಥಾ ಹುಲ್ಲುಗಾವಲು" ಅನ್ನುತ್ತಾರೆ. ನಮ್ಮ ಅಮ್ಮನಿಗೆ ಅದು ಅವರ ತವರಿನ ಹೊಲ. ಒಂದು ಸಲ ಏಪ್ರಿಲ್‌ನಲ್ಲಿ ಕರೆದುಕೊಂಡು ಹೋಗಿದ್ದೆ, ರಸ್ತೆಯಿಂದಲೇ ಬೆರಳು ತೋರಿಸಿ "ಅಲ್ಲಿ ನಮ್ಮ ಕಣ" ಅಂದರು. ಅಲ್ಲಿ ಒಂದು ಸಲಗ ನಿಂತುಕೊಂಡು ಹುಲ್ಲಿನ ಬುಡ ಕಿತ್ತು ಕಾಲಿಗೆ ಬಡಿದು ಮಣ್ಣು ಉದುರಿಸಿ ತಿನ್ನುತ್ತಿತ್ತು. "ತಿನ್ಲಿ ಬಿಡು" ಅಂದರು.


ಗಾಳ ಹಾಕಿ ಕೂತವನು:

ಆನೆಯ ಮಧ್ಯೆ ನಮ್ಮ ಮೀನನ್ನು ಮರೆತರೆ ಹೇಗೆ. ಬ್ರಿಟಿಷರ ಕಾಲದಲ್ಲಿ ಕಬಿನಿಗೆ ಗಾಳ ಹಿಡಿದುಕೊಂಡು ಬರುವವರ ಸಾಲೇ ಇತ್ತು. ಮಹಶೀರ್, ನಮ್ಮ ಕಡೆ ಬಿಳಿ ಮೀನು ಅನ್ನುತ್ತಾರೆ. ಗಾಳಕ್ಕೆ ಸಿಕ್ಕಿದ ಅತಿ ದೊಡ್ಡ ಮಹಶೀರ್ ಅಂತ ದಾಖಲೆ ಇರುವುದು ಕಬಿನಿಯದೇ, 1946ರಲ್ಲಿ, 120 ಪೌಂಡ್. ಅಂದರೆ 54 ಕಿಲೋ, ಒಂದು ಚೀಲ ಅಕ್ಕಿಗಿಂತ ಜಾಸ್ತಿ. ಹಿಡಿದವರು ಮೈಸೂರಿನ ವ್ಯಾನ್ ಇಂಗನ್ ಮನೆತನದವರು. ಹೌದು, ರಾಜರು ಸಾಹೇಬರು ಹೊಡೆದ ಹುಲಿ ಚಿರತೆಗಳ ಚರ್ಮವನ್ನು ಅಚ್ಚಿನ ಮೇಲೆ ಹೊದಿಸಿ ಜೀವ ಇದ್ದ ಹಾಗೆ ಮಾಡಿ ಕೊಡುತ್ತಿದ್ದರಲ್ಲ, ಅದೇ ಮನೆ. ದೇಶದ ಎಷ್ಟೋ ಅರಮನೆಗಳ ಗೋಡೆಯಲ್ಲಿ ಬಾಯಿ ತೆರೆದು ನಿಂತಿರುವ ಹುಲಿಗಳು ಮೈಸೂರಿನಲ್ಲಿ ತಯಾರಾದವು. 1999ರಲ್ಲಿ ಆ ಕಾರ್ಖಾನೆ ಮುಚ್ಚಿತು.

ಆ ಕಿತ್ತಳೆ ರೆಕ್ಕೆಯ ಗೂನು ಬೆನ್ನಿನ ಮಹಶೀರ್ ಇಡೀ ಕಾವೇರಿ ಕೊಳ್ಳದಲ್ಲೇ ಈಗ ಅಳಿವಿನ ಅಂಚಿಗೆ ಬಂದಿದೆ. ಹರಿಯುವ ನೀರು ಬೇಕು ಅದಕ್ಕೆ, ಕಲ್ಲಿನ ಮಡು ಬೇಕು. ನಿಂತ ಹಿನ್ನೀರಿನಲ್ಲಿ ನೀರುಕಾಗೆಗೆ ಹಬ್ಬ, ಬಿಳಿ ಮೀನಿಗೆ ಅಲ್ಲ.


ಬನ್ನೂರು ಬಸ್ಸು:

ನಾನು ಜಗಳಕ್ಕೆ ಬಂದಿದ್ದೆ, ಇಲ್ಲಿ ನೋಡಿದರೆ ಎಲ್ಲರೂ ಕಥೆ ಹೇಳುತ್ತಿದ್ದೀರಿ. ಮೇಷ್ಟರ ಮಾತು ಒಪ್ಪಿದೆ. ರಾಜರು ಕಾಡು ಉಳಿಸಿದರು ಅನ್ನುವ ನನ್ನ ಮಾತನ್ನು ವಾಪಸ್ ತಗೊಳ್ಳಲ್ಲ, ಆದರೆ ಯಾರಿಂದ ಉಳಿಸಿದರು, ಯಾರನ್ನು ಹೊರಗಿಟ್ಟು ಉಳಿಸಿದರು ಅಂತ ಇನ್ನು ಮುಂದೆ ಸೇರಿಸಿ ಹೇಳುತ್ತೇನೆ. ಸಾಕಾ?


ರಾಗಿಮುದ್ದೆ77:

ಸಾಕು ಸಾಕು. ಏಪ್ರಿಲ್‌ಗೆ ಮತ್ತೆ ಹೋಗುವುದು ಅಂತ ಮನೆಯಲ್ಲಿ ತೀರ್ಮಾನ ಆಯಿತು. ಈ ಸಲ ರೆಸಾರ್ಟ್ ಬೇಡ. ದಮ್ಮನಕಟ್ಟೆಯಿಂದ ಇಲಾಖೆಯ ಸಫಾರಿ, ಆಮೇಲೆ ಮಾನಂದವಾಡಿ ರಸ್ತೆಯಲ್ಲಿ ಬಾವಲಿ ತನಕ ನಿಧಾನಕ್ಕೆ. ಸಂಜೆ ಆರಕ್ಕೆ ಗೇಟು ಹಾಕುತ್ತಾರೆ ಅಂತ ಗೊತ್ತು, ಬೆಳಗ್ಗೆಯೇ ಹೊರಡುತ್ತೇವೆ.

ಕೋಟೆ ಕಡೆಯವರೇ, ಆ ಹಗ್ಗದ ಒಂದು ಫೋಟೋ ಹಾಕುತ್ತೀರಾ? ಮಗಳು ಕೇಳುತ್ತಿದ್ದಾಳೆ. ಮುಂಗೈ ದಪ್ಪದ ಹಗ್ಗ ಅಂದರೆ ನಂಬುತ್ತಿಲ್ಲ.


ಕೋಟೆ ಕಡೆಯವನು:

ನಿನ್ನೆ ಅಟ್ಟ ಹತ್ತಿದೆ. ಇಲಿ ಅರ್ಧ ತಿಂದು ಹಾಕಿದೆ, ಉಳಿದದ್ದು ಒಂದು ಮೊಳ. ಬೆಳಕಿಗೆ ತಂದು ತೆಗೆದ ಫೋಟೋ ಕೆಳಗೆ ಇದೆ, ದಪ್ಪ ಗೊತ್ತಾಗಲಿ ಅಂತ ಪಕ್ಕದಲ್ಲಿ ನನ್ನ ಕೈ ಇಟ್ಟಿದ್ದೇನೆ. ಮಧ್ಯದಲ್ಲಿ ಒಂದು ಕಡೆ ನುಣ್ಣಗೆ ಹೊಳೆಯುತ್ತಿದೆ ನೋಡಿ, ಅದು ಎಣ್ಣೆ ಅಲ್ಲ, ಉಜ್ಜಿ ಉಜ್ಜಿ ಆದದ್ದು. ಯಾವ ಕಾಲಿಗೆ ಅಂತ ತಾತ ಹೇಳಿರಲಿಲ್ಲ.